ಬಣ್ಣದ ಪೆನ್ಸಿಲ್‌ನಲ್ಲಿ ಮುಖ ಬಿಡಿಸುವವರಿಗೆ

ಕ್ಲಾಸ್‌ಗೆ ಪೋರ್ಟ್ರೇಟ್ ಮಾಡುತ್ತಿದ್ದೀರಾ? 'ಸ್ಕಿನ್' ಅಂತ ಬರೆದಿರುವ ಒಂದೇ ಪೆನ್ಸಿಲ್ ನಂಬಬೇಡಿ, ನಮ್ಮ ಮೈಬಣ್ಣ ಅದರಲ್ಲಿ ಬರುವುದೇ ಇಲ್ಲ. ಅಜ್ಜಿಯ ಮುಖ ಬಿಡಿಸುವಾಗ ನಾನು ಮೊದಲು ತಿಳಿ ಹಳದಿ, ಅದರ ಮೇಲೆ ಕಿತ್ತಳೆ, ಆಮೇಲೆ ಇಟ್ಟಿಗೆ ಬಣ್ಣ, ಕಂದು, ಹೀಗೆ ಏಳೆಂಟು ಪದರ ಹಾಕಿದೆ. ಪೆನ್ಸಿಲ್ ಚೂಪಾಗಿರಬೇಕು, ಕೈ ಹಗುರವಾಗಿರಬೇಕು. ಜಾಸ್ತಿ ಒತ್ತಿದರೆ ಕಾಗದದ ತರಿತರಿ ಮುಚ್ಚಿಹೋಗಿ ಮುಂದಿನ ಬಣ್ಣ ಹಿಡಿಯುವುದಿಲ್ಲ.

ಮೂಗಿನ ಪಕ್ಕದ ನೆರಳಿಗೆ ಸುಮ್ನೆ ಕಪ್ಪು ಹಾಕಬೇಡಿ, ಮಸಿ ಮೆತ್ತಿದ ಹಾಗೆ ಕಾಣುತ್ತದೆ. ಕಡುನೀಲಿಯ ಮೇಲೆ ಕಡುಕಂದು ಹಾಕಿ ನೋಡಿ, ಎಷ್ಟು ಚೆನ್ನಾಗಿ ಕೂರುತ್ತದೆ! ಕಣ್ಣಿನ ಬಿಳಿಯೂ ಪೂರ್ತಿ ಬಿಳಿಯಲ್ಲ, ತುಸು ಬೂದು ಬೇಕು. ಹೊಳಪಿನ ಚುಕ್ಕೆಗೆ ಮಾತ್ರ ಕಾಗದ ಖಾಲಿ ಬಿಡಿ. ಅಂಗೈ ಕೆಳಗೆ ಒಂದು ಹಾಳೆ ಇಟ್ಟುಕೊಳ್ಳಿ, ಇಲ್ಲಾಂದ್ರೆ ಬಣ್ಣ ಎಲ್ಲ ಕಡೆ ಹರಡುತ್ತದೆ.