ಕೊಡಗಿನ ಊರೊಂದರಲ್ಲಿ ಮಂಗಳ ಗ್ರಹದ ಸಂಜೆಯನ್ನು ಏರ್ಪಡಿಸುವ ಬಗೆ

ಮಂಗಳ ಗ್ರಹದ ಮೇಲೆ ಹೊಸ ನೌಕೆಯೊಂದು ಇಳಿದಾಗ, ಅಥವಾ ಮನುಷ್ಯರನ್ನು ಅಲ್ಲಿಗೆ ಕಳುಹಿಸುವ ಮಾತು ಮತ್ತೆ ಕೇಳಿಬಂದಾಗ, ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಯುವಕ ಸಂಘದಲ್ಲೋ ಒಂದು ಕಾರ್ಯಕ್ರಮ ಮಾಡೋಣವೆಂಬ ಹುರುಪು ಹುಟ್ಟುತ್ತದೆ. ಆ ಹುರುಪು ಹೆಚ್ಚಾಗಿ ಒಂದು ಭಾಷಣ, ಗೋಡೆಯ ಮೇಲೆ ಒಂದು ವಿಡಿಯೊ, ಕೊನೆಗೆ ಉಪ್ಪಿಟ್ಟು ಮತ್ತು ಕಾಫಿಯೊಂದಿಗೆ ಮುಗಿದುಹೋಗುತ್ತದೆ. ಬಂದವರು ಆ ಗ್ರಹ ಎಷ್ಟು ದೂರದಲ್ಲಿದೆ ಎಂಬುದನ್ನು ತಮ್ಮ ಕಾಲುಗಳಿಂದಲೇ ಅಳೆದು, ಆ ಬಳಿಕ ಅದನ್ನು ಕಣ್ಣಾರೆ ಕಂಡು ಮನೆಗೆ ಹೋಗುವಂತೆ ಮಾಡುವುದಕ್ಕೆ ಹೆಚ್ಚು ಖರ್ಚೇನೂ ಬೇಕಾಗಿಲ್ಲ. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ದಿನಾಂಕದ ವಿಚಾರ. ಸೂರ್ಯ, ಭೂಮಿ, ಮಂಗಳ ಈ ಮೂರೂ ಸುಮಾರು 26 ತಿಂಗಳಿಗೊಮ್ಮೆ ಒಂದೇ ಸಾಲಿನಲ್ಲಿ ಬರುತ್ತವೆ; ಆಗ ಮಂಗಳ ನಮಗೆ ಹತ್ತಿರವಿದ್ದು ರಾತ್ರಿಯಿಡೀ ಕಾಣುತ್ತದೆ. ಆದರೆ ಎಲ್ಲ ಸಾಲುಗೂಡುವಿಕೆಗಳೂ ಸಮನಲ್ಲ. ಮಂಗಳದ ಕಕ್ಷೆ ಭೂಮಿಯ ಕಕ್ಷೆಗಿಂತ ಹೆಚ್ಚು ಲಂಬಿಸಿರುವುದರಿಂದ, ಅದು ಸೂರ್ಯನಿಗೆ ಸಮೀಪವಿರುವಾಗ ಈ ಭೇಟಿ ನಡೆದರೆ ಗ್ರಹ ದೊಡ್ಡದಾಗಿಯೂ ಪ್ರಕಾಶಮಾನವಾಗಿಯೂ ಕಾಣುತ್ತದೆ. ಅಂಥ ಉತ್ತಮ ಭೇಟಿಗಳು ಹದಿನೈದು-ಹದಿನೇಳು ವರ್ಷಗಳಿಗೊಮ್ಮೆ, ಯಾವಾಗಲೂ ಜುಲೈಯಿಂದ ಸೆಪ್ಟೆಂಬರಿನ ನಡುವೆಯೇ, ಎಂದರೆ ಕೊಡಗಿನ ಮಳೆಗಾಲದಲ್ಲೇ ಬರುತ್ತವೆ. 2003ರ ಆಗಸ್ಟ್ 27ರಂದು ಮಂಗಳ 5.6 ಕೋಟಿ ಕಿಲೋಮೀಟರಿಗಿಂತಲೂ ಹತ್ತಿರ ಬಂದಿತ್ತು. 2018ರ ಜುಲೈ 31ರಂದು 5.76 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಆ ವರ್ಷದ ಮಳೆ ಕೊಡಗಿಗೆ ಏನು ಮಾಡಿತೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಕಾಶ ನೋಡುವ ಮಾತೇ ಇರಲಿಲ್ಲ. ಮುಂದಿನ ದೊಡ್ಡ ಭೇಟಿಯೂ 2035ರ ಸೆಪ್ಟೆಂಬರಿನಲ್ಲಿದೆ. ಆದ್ದರಿಂದ ಕೊಡಗಿನವರು ದೊಡ್ಡ ಮಂಗಳಕ್ಕಾಗಿ ಕಾಯುವುದಕ್ಕಿಂತ, ಚಿಕ್ಕದಾದರೂ ಚಳಿಗಾಲದ ನಿರ್ಮಲ ಆಕಾಶದಲ್ಲಿ ಕಾಣುವ ಮಂಗಳವನ್ನು ಆರಿಸಿಕೊಳ್ಳುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಅಂಥ ಅವಕಾಶ 2027ರ ಫೆಬ್ರವರಿಯದು. ಫೆಬ್ರವರಿ 19ರಂದು ಮಂಗಳ ಸೂರ್ಯನಿಗೆ ನೇರ ಎದುರಿಗೆ, ಭೂಮಿಯಿಂದ ಸುಮಾರು 10.1 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಆದರೆ ಅದೇ ದಿನ ಕಾರ್ಯಕ್ರಮವಿಟ್ಟರೆ ಗ್ರಹ ಸೂರ್ಯಾಸ್ತದ ಹೊತ್ತಿಗಷ್ಟೇ ಹುಟ್ಟುವುದರಿಂದ, ಬೆಟ್ಟ ಮತ್ತು ಮರಗಳ ಮೇಲೆ ಅದು ಏರುವುದನ್ನು ಕಾಯುತ್ತ ಮಕ್ಕಳು ತೂಕಡಿಸಲು ತೊಡಗುತ್ತಾರೆ; ಜೊತೆಗೆ ಹುಣ್ಣಿಮೆಯ ಚಂದ್ರನೂ ಪಕ್ಕದಲ್ಲೇ ಬೆಳಗುತ್ತಿರುತ್ತಾನೆ. ಒಂದು ವಾರ ತಡೆದು ಫೆಬ್ರವರಿ 27ರ ಶನಿವಾರವನ್ನು ಗೊತ್ತುಮಾಡಿದರೆ ರಾತ್ರಿ ಎಂಟರ ಹೊತ್ತಿಗೆ ಮಂಗಳ ಪೂರ್ವದಲ್ಲಿ ಸಾಕಷ್ಟು ಮೇಲೆ ಬಂದಿರುತ್ತದೆ, ಚಂದ್ರ ಹುಟ್ಟುವುದು ನಡುರಾತ್ರಿಯ ಸುಮಾರಿಗೆ. ಕಾಫಿ ಹೂವರಳಿಸುವ ಹೂಮಳೆ ಬೇಗ ಬಂದು ಮೋಡ ಕವಿದರೆ ಮಾರ್ಚ್ 13ರ ಶನಿವಾರವನ್ನು ಎರಡನೆಯ ದಿನವಾಗಿ ಮೊದಲೇ ಪ್ರಕಟಿಸಿರಬೇಕು; ಅಂದು ಸಂಜೆ ಎಳೆಯ ಚಂದ್ರನೂ ಇರುವುದರಿಂದ ಅವನ ಕುಳಿಗಳನ್ನೂ ತೋರಿಸಬಹುದು. ಪರೀಕ್ಷೆಗಳ ಕಾಲವಾದ್ದರಿಂದ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳದೆ ಎರಡರಲ್ಲಿ ಯಾವ ದಿನವನ್ನೂ ನಿಶ್ಚಯಿಸಬಾರದು.

ಸ್ಥಳಕ್ಕೆ ಬೇಕಾದುದು ಪೂರ್ವದ ಕಡೆಗೆ ತೆರೆದ ಆಕಾಶ ಮತ್ತು ಸಮತಟ್ಟಾದ ನೆಲ. ತೋಟದ ನಡುವೆ ಸಿಲ್ವರ್ ಓಕ್ ಮರಗಳು ಅರ್ಧ ಆಕಾಶವನ್ನೇ ನುಂಗಿಬಿಡುತ್ತವೆ. ಕಾಫಿ ಒಣಗಿಸುವ ಸಿಮೆಂಟಿನ ಕಣ ಇದಕ್ಕೆ ಹೇಳಿಮಾಡಿಸಿದ ಜಾಗವಾದರೂ ಫೆಬ್ರವರಿಯಲ್ಲಿ ಅಲ್ಲಿ ರೋಬಸ್ಟಾ ಹರಡಿರುತ್ತದೆ. ಸಂಜೆ ಕಾಫಿಯನ್ನು ರಾಶಿಮಾಡಿ ಟಾರ್ಪಾಲು ಹೊದಿಸಿದ ಮೇಲೆ ಒಂದು ಮೂಲೆಯನ್ನು ಬಿಟ್ಟುಕೊಡುವಂತೆ ತೋಟದ ಮಾಲೀಕರನ್ನು ಮುಂಚಿತವಾಗಿ ವಿನಂತಿಸಬೇಕು. ಇಲ್ಲವಾದರೆ ಶಾಲೆಯ ಹಾಕಿ ಮೈದಾನವೇ ಸಾಕು. ಊರವರು ಹಬ್ಬಕ್ಕೆ ಸೇರುವ ಬಯಲಾದ ಮಂದ್‌ನಲ್ಲಿ ನಡೆಸುವ ಆಲೋಚನೆಯಿದ್ದರೆ ಊರಿನ ಮುಖಂಡರಾದ ತಕ್ಕರ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು. ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ ಕಡೆಯವರು ಆನೆಗಳ ಓಡಾಟವನ್ನು ಅಂದು ಬೆಳಿಗ್ಗೆಯೇ ಅರಣ್ಯ ಸಿಬ್ಬಂದಿಯಿಂದ ವಿಚಾರಿಸಿ, ರಾತ್ರಿ ಒಂಬತ್ತರೊಳಗೆ ಕಾರ್ಯಕ್ರಮ ಮುಗಿಸಿ, ಯಾರೂ ಒಂಟಿಯಾಗಿ ನಡೆದು ಹೋಗದಂತೆ ವಾಹನದ ವ್ಯವಸ್ಥೆ ಮಾಡಬೇಕು. ಇದು ಬೇರೆಲ್ಲ ಸಿದ್ಧತೆಗಿಂತ ಮುಖ್ಯ.

ಸಂಜೆ ನಾಲ್ಕೂವರೆಗೆ, ಬೆಳಕಿರುವಾಗಲೇ, ನಡಿಗೆಯಿಂದ ಆರಂಭಿಸಿರಿ. ಇದಕ್ಕೆ ಬೇಕಾಗುವುದು ಸುಮಾರು ಆರು ಸೆಂಟಿಮೀಟರ್ ಅಗಲದ ಒಂದು ಕೊಡಗಿನ ಕಿತ್ತಳೆ, ಅದರ ಅರ್ಧದಷ್ಟು ಅಗಲದ ಒಂದು ನಿಂಬೆಹಣ್ಣು, ಒಂದು ಹಣ್ಣಾದ ಕಾಫಿ, ಮತ್ತು ಒಂದು ಅಳತೆಯ ಟೇಪು. ಕಿತ್ತಳೆ 12,742 ಕಿಲೋಮೀಟರ್ ವ್ಯಾಸದ ಭೂಮಿ. ನಿಂಬೆಹಣ್ಣು 6,779 ಕಿಲೋಮೀಟರಿನ ಮಂಗಳ. ಕಾಫಿಹಣ್ಣು 3,474 ಕಿಲೋಮೀಟರಿನ ಚಂದ್ರ. ಮೂರನ್ನೂ ಮೇಜಿನ ಮೇಲಿಟ್ಟು, ಚಂದ್ರನನ್ನು ಎಷ್ಟು ದೂರದಲ್ಲಿ ಇಡಬೇಕೆಂದು ಮಕ್ಕಳನ್ನು ಕೇಳಿರಿ. ಬಹುತೇಕ ಎಲ್ಲರೂ ಒಂದು ಗೇಣಿನೊಳಗೆ ಇಡುತ್ತಾರೆ. ಈ ಅಳತೆಯಲ್ಲಿ ಅದು ಇರಬೇಕಾದದ್ದು 1.8 ಮೀಟರ್ ದೂರದಲ್ಲಿ. ಗಗನಯಾನಿ ಶುಭಾಂಶು ಶುಕ್ಲಾ 2025ರಲ್ಲಿ ಹೋಗಿದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಎಲ್ಲಿದೆ ಎಂದು ಕೇಳಿದರೆ, ಕಿತ್ತಳೆಯ ಸಿಪ್ಪೆಯಿಂದ ಎರಡು ಮಿಲಿಮೀಟರ್ ಮೇಲೆ ಎಂಬುದೇ ಉತ್ತರ. ಮನುಷ್ಯರು ಇದುವರೆಗೆ ಹೋದ ಅತಿ ದೂರದ ಜಾಗ ಆ ಕಾಫಿಹಣ್ಣಿನ ಸುತ್ತಮುತ್ತಲಿನದು.

ಬಳಿಕ ನಿಂಬೆಹಣ್ಣನ್ನು ಒಬ್ಬರ ಕೈಗೆ ಕೊಟ್ಟು, ತೋಟದ ರಸ್ತೆಯಲ್ಲಿ 480 ಮೀಟರ್ ದೂರಕ್ಕೆ ಕಳುಹಿಸಬೇಕು. ಇದು ಫೆಬ್ರವರಿಯ ಸಮೀಪದ ದೂರ. ಮಂಗಳ ಸೂರ್ಯನ ಆಚೆಗಿರುವಾಗ ಅದೇ ಹಣ್ಣನ್ನು ಒಂದೂ ಮುಕ್ಕಾಲು ಕಿಲೋಮೀಟರಿಗಿಂತ ಹೆಚ್ಚು ದೂರ ಒಯ್ಯಬೇಕಾಗುತ್ತದೆ. ಈ ಅಳತೆಯಲ್ಲಿ ಒಂದು ಸೊಗಸಾದ ಕಾಕತಾಳೀಯವಿದೆ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಚಲಿಸುವ ಬೆಳಕು ಈ ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 1.4 ಮೀಟರ್ ಚಲಿಸುತ್ತದೆ, ಎಂದರೆ ಆರೋಗ್ಯವಂತ ಮನುಷ್ಯನ ಸಾಮಾನ್ಯ ನಡಿಗೆಯ ವೇಗ. ಹಾಗಾಗಿ ಕಿತ್ತಳೆಯಿಂದ ನಿಂಬೆಹಣ್ಣಿಗೆ ಅವಸರವಿಲ್ಲದೆ ನಡೆದುಹೋಗುವ ಬಾಲಕಿಗೆ ಹಿಡಿಯುವ ಐದೂವರೆ ನಿಮಿಷಗಳಿಗಿಂತ ತುಸು ಹೆಚ್ಚಿನ ಸಮಯವೇ, ಬೆಳಕಿನ ವೇಗದಲ್ಲೇ ಸಾಗುವ ರೇಡಿಯೊ ಸಂದೇಶಕ್ಕೂ ಹಿಡಿಯುತ್ತದೆ. ಅವಳೇ ಸಂದೇಶ. ಓಡಬಾರದೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿರಬೇಕು, ಏಕೆಂದರೆ ಬೆಳಕಿಗಿಂತ ವೇಗವಾಗಿ ಹೋಗಲು ಯಾರಿಗೂ ಅನುಮತಿಯಿಲ್ಲ.

ಇದನ್ನೇ ರೋವರ್, ಎಂದರೆ ಗ್ರಹದ ನೆಲದ ಮೇಲೆ ಓಡಾಡುವ ಯಂತ್ರವಾಹನದ ಆಟವನ್ನಾಗಿ ಮಾಡಬಹುದು. ನಿಂಬೆಹಣ್ಣಿನ ಬಳಿ ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ನಿಲ್ಲಿಸಿ, ಅವನ ಮುಂದೆ ಎರಡು ಕುರ್ಚಿ, ಒಂದು ಬುಟ್ಟಿ, ದೂರದಲ್ಲೊಂದು ಕಲ್ಲು ಇಡಬೇಕು. ಅವನ ಪಕ್ಕದಲ್ಲಿರುವವರು ಎದುರಿಗಿರುವುದನ್ನು ಚೀಟಿಯಲ್ಲಿ ಬರೆದು ಕಿತ್ತಳೆಯ ಮೇಜಿಗೆ ಕಳುಹಿಸುತ್ತಾರೆ. ಅಲ್ಲಿನ ತಂಡ ಆಜ್ಞೆಗಳನ್ನು ಬರೆದು ಮತ್ತೊಬ್ಬರ ಕೈಯಲ್ಲಿ ಹಿಂದಕ್ಕೆ ಕಳುಹಿಸುತ್ತದೆ. ‘ನಿಲ್ಲು’ ಎಂಬ ಆಜ್ಞೆ ತಲುಪುವ ಹೊತ್ತಿಗೆ ರೋವರ್ ಕುರ್ಚಿಗೆ ಎಡವಿ ಎಷ್ಟೋ ಹೊತ್ತಾಗಿರುತ್ತದೆ. ಒಂದೆರಡು ಸುತ್ತಿನ ನಂತರ ತಂಡವೇ ಒಂದು ನಿರ್ಧಾರಕ್ಕೆ ಬರುತ್ತದೆ: ಒಂದೊಂದು ಹೆಜ್ಜೆಗೂ ಆಜ್ಞೆ ಕೊಡುವ ಬದಲು ಇಡೀ ದಿನದ ಯೋಜನೆಯನ್ನು ಒಮ್ಮೆಗೇ ಬರೆದು ಕಳುಹಿಸಬೇಕು, ‘ಕಾಲಿಗೆ ಏನಾದರೂ ತಗುಲಿದರೆ ನೀನೇ ನಿಲ್ಲು’ ಎಂಬ ಸೂಚನೆಯೂ ಅದರಲ್ಲಿರಬೇಕು. ಕ್ಯೂರಿಯಾಸಿಟಿ ಮತ್ತು ಪರ್ಸಿವಿಯರೆನ್ಸ್ ರೋವರ್‌ಗಳನ್ನು ನಡೆಸುವವರು ಮಾಡುವುದೂ ಇದನ್ನೇ. ಈ ತೀರ್ಮಾನವನ್ನು ನೀವಾಗಿ ಹೇಳಬಾರದು. ಅವರೇ ಕಂಡುಕೊಳ್ಳುವಷ್ಟು ಸಮಯ ಕೊಡಬೇಕು.

ಆಟ ಮುಗಿದ ಕೂಡಲೇ, ಮಕ್ಕಳು ಇನ್ನೂ ಏದುಸಿರು ಬಿಡುತ್ತಿರುವಾಗಲೇ, ಎರಡು ಘಟನೆಗಳನ್ನು ಹೇಳಿದರೆ ಅವು ಮನಸ್ಸಿಗೆ ನಾಟುತ್ತವೆ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳದ ಕಕ್ಷೆ ಸೇರಿತು. ಸುಮಾರು 300 ದಿನ ಸುಮ್ಮನಿದ್ದ ಅದರ ಮುಖ್ಯ ಎಂಜಿನ್ ಅಂದು ಸುಮಾರು 24 ನಿಮಿಷ ಉರಿಯಬೇಕಿತ್ತು. ಸಂದೇಶ ಬರಲು ಹನ್ನೆರಡು ನಿಮಿಷಗಳಿಗಿಂತ ಹೆಚ್ಚು ಹಿಡಿಯುತ್ತಿದ್ದುದರಿಂದ ಎಲ್ಲ ಆಜ್ಞೆಗಳನ್ನೂ ನೌಕೆಯೊಳಗೆ ದಿನಗಳ ಮುಂಚೆಯೇ ತುಂಬಿಸಲಾಗಿತ್ತು. ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಮಾಡಬಹುದಾಗಿದ್ದುದು ಕಾಯುವುದೊಂದೇ. ಆ ನೌಕೆಯೊಂದಿಗೆ ಮಾತಾಡುತ್ತಿದ್ದ 32 ಮೀಟರ್ ಅಗಲದ ಆಂಟೆನಾ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ ಎಂಬುದನ್ನು ಅಗತ್ಯವಾಗಿ ಹೇಳಿರಿ. ಸುಮಾರು 450 ಕೋಟಿ ರೂಪಾಯಿಗಳಲ್ಲಿ, ಆರು ತಿಂಗಳ ಆಯುಸ್ಸಿಗೆಂದು ಕಟ್ಟಿದ ಆ ನೌಕೆ 2022ರವರೆಗೆ ಬದುಕಿತು. ಇನ್ನೊಂದು ಘಟನೆ 2021ರ ಫೆಬ್ರವರಿ 18ರದು. ಪರ್ಸಿವಿಯರೆನ್ಸ್ ಮಂಗಳದ ವಾತಾವರಣವನ್ನು ಹೊಕ್ಕು ನೆಲ ಮುಟ್ಟಲು ಹಿಡಿದದ್ದು ಏಳು ನಿಮಿಷ, ಸಂದೇಶ ಭೂಮಿಗೆ ಬರಲು ಹಿಡಿದದ್ದು ಹನ್ನೊಂದು ನಿಮಿಷಕ್ಕೂ ಹೆಚ್ಚು. ವಾತಾವರಣ ಹೊಕ್ಕಿತೆಂಬ ಸುದ್ದಿ ಇಲ್ಲಿಗೆ ಬರುವಾಗಲೇ ಅಲ್ಲಿ ಎಲ್ಲವೂ ಮುಗಿದುಹೋಗಿತ್ತು. ಅಂದು ನೆಲ ಮುಟ್ಟಿದ ಸುದ್ದಿಯನ್ನು ಜಗತ್ತಿಗೆ ಹೇಳಿದ ದನಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್ ಅವರದು.

ಚಿತ್ರಗಳನ್ನು ತೋರಿಸುವುದಾದರೆ ನಾಸಾದ ಜಾಲತಾಣದಲ್ಲಿ ರೋವರ್‌ಗಳ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನೆಟ್‌ವರ್ಕನ್ನು ನಂಬದೆ ಮೊದಲೇ ಇಳಿಸಿಕೊಂಡಿರಿ.

ಕತ್ತಲಾದ ಮೇಲೆ ವೀಕ್ಷಣೆ. ದೂರದರ್ಶಕ ಇಲ್ಲದವರು ಹತ್ತಿರದ ಕಾಲೇಜಿನ ಭೌತಶಾಸ್ತ್ರ ವಿಭಾಗವನ್ನು ಕೇಳಬಹುದು, ಅಥವಾ ಮಂಗಳೂರಿನ ಪಿಲಿಕುಳದ ತಾರಾಲಯದವರ ಸಲಹೆ ಪಡೆಯಬಹುದು. ಉಪಕರಣವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ಚಳಿಗೆ ಹೊಂದಿಕೊಳ್ಳಲು ಬಿಡಬೇಕು. ಮಸೂರದ ಮೇಲೆ ಇಬ್ಬನಿ ಕೂರದಂತೆ ಅದರ ಮುಂದೆ ಕಪ್ಪು ರಟ್ಟಿನ ಕೊಳವೆಯೊಂದನ್ನು ತೊಡಿಸಿದರೆ ಸಾಕು. ಈ ಸಲ ಜನರಿಗೆ ಗೊಂದಲವಾಗುವುದು ಖಂಡಿತ, ಏಕೆಂದರೆ ಮಂಗಳಕ್ಕಿಂತ ಹೆಚ್ಚು ಬೆಳಗುವ ಗುರುಗ್ರಹವೂ ಅದೇ ದಿಕ್ಕಿನಲ್ಲಿ ಸ್ವಲ್ಪ ಮೇಲೆ ಇರುತ್ತದೆ. ಬೆಳ್ಳಗೆ ಹೊಳೆಯುವುದು ಗುರು. ಅದರ ಕೆಳಗೆ ಕೆಂಡದ ಬಣ್ಣದಲ್ಲಿರುವುದು ಮಂಗಳ. ಮಂಗಳದ ಸಮೀಪದಲ್ಲಿ ಮಂಕಾಗಿ ಕಾಣುವುದು ಮಖಾ ನಕ್ಷತ್ರ. ಮೊದಲು ಬರಿಗಣ್ಣಿನಿಂದ ಮೂರನ್ನೂ ಗುರುತಿಸಿದವರಿಗೆ ಮಾತ್ರ ದೂರದರ್ಶಕದ ಸರದಿ ಎಂಬ ನಿಯಮವಿರಲಿ. ಸರದಿಯಲ್ಲಿ ಗುರುವನ್ನು ಮೊದಲು ತೋರಿಸಬಾರದು. ಅದರ ನಾಲ್ಕು ಉಪಗ್ರಹಗಳನ್ನು ನೋಡಿದ ಕಣ್ಣಿಗೆ ಮಂಗಳ ಸಪ್ಪೆಯೆನಿಸುತ್ತದೆ.

ಮಂಗಳ ಕಾಣುವುದು ಒಂದು ಪುಟ್ಟ ಕಿತ್ತಳೆ ಬಣ್ಣದ ಬಿಲ್ಲೆಯಾಗಿ. 130 ಪಟ್ಟು ಹಿಗ್ಗಿಸಿದರೆ ಬರಿಗಣ್ಣಿಗೆ ಚಂದ್ರ ಕಾಣುವಷ್ಟು ದೊಡ್ಡದಾಗುತ್ತದೆ. ಗಾಳಿ ಸ್ಥಿರವಾಗಿದ್ದು, ನೋಡುವವರು ಅರ್ಧ ನಿಮಿಷವಾದರೂ ಕಣ್ಣು ಕೀಳದಿದ್ದರೆ, ಧ್ರುವದ ಬಿಳಿಚುಕ್ಕೆಯೂ ಕಪ್ಪು ಛಾಯೆಯೂ ಹೊಳೆದೀತು. ‘ಇಷ್ಟೇನಾ?’ ಎಂದವರಿಗೆ ನಿಂಬೆಹಣ್ಣು ಇದ್ದ ಜಾಗವನ್ನು ನೆನಪಿಸಿರಿ. ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆಂದು ಪ್ರತಿ ಆಗಸ್ಟಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸುದ್ದಿಯ ಹುಟ್ಟನ್ನೂ ಇಲ್ಲಿಯೇ ವಿವರಿಸಬಹುದು: 2003ರ ಮೂಲ ಸಂದೇಶದಲ್ಲಿ 75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ಎಂಬ ಮಾತಿತ್ತು, ಮುಂದೆ ಕಳುಹಿಸಿದವರು ಅದನ್ನು ಉದುರಿಸಿಬಿಟ್ಟರು. ಕುಜದೋಷದ ಪ್ರಶ್ನೆಯೂ ಬಂದೇ ಬರುತ್ತದೆ. ಹಿರಿಯರೊಡನೆ ವಾದಕ್ಕಿಳಿಯದೆ ಅವರನ್ನೂ ಸರದಿಯಲ್ಲಿ ನಿಲ್ಲಿಸಿ ತೋರಿಸುವುದೇ ಸರಿಯಾದ ಉಪಾಯ.

ಮನುಷ್ಯರು ಯಾವಾಗ ಹೋಗುತ್ತಾರೆ ಎಂಬುದು ಎಲ್ಲರ ಕೊನೆಯ ಪ್ರಶ್ನೆ. ಇಸವಿ ಹೇಳುವ ಆಸೆಯನ್ನು ಸಂಘಟಕರು ಬಿಡಬೇಕು. ಮಂಗಳದಲ್ಲಿ ಊರು ಕಟ್ಟುತ್ತೇವೆಂದು 2012ರಲ್ಲಿ ಘೋಷಿಸಿ ಜಗತ್ತಿನೆಲ್ಲೆಡೆಯಿಂದ ಅರ್ಜಿ ಕರೆದಿದ್ದ ಮಾರ್ಸ್ ಒನ್ ಎಂಬ ಸಂಸ್ಥೆ 2019ರಲ್ಲಿ ದಿವಾಳಿಯಾಯಿತು. ಇಸವಿಯ ಬದಲು ಲೆಕ್ಕ ಮಾಡಿಸಿರಿ. ಹೋಗಲು ಆರರಿಂದ ಒಂಬತ್ತು ತಿಂಗಳು. ಗ್ರಹಗಳು ಮತ್ತೆ ಅನುಕೂಲ ಸ್ಥಾನಕ್ಕೆ ಬರುವವರೆಗೆ ಅಲ್ಲಿ ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕು. ಬರಲು ಮತ್ತಷ್ಟೇ ತಿಂಗಳು. ಅಲ್ಲಿಯ ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಇರುವುದರಲ್ಲಿ ಶೇಕಡ 95 ಇಂಗಾಲದ ಡೈಆಕ್ಸೈಡ್. ಪರ್ಸಿವಿಯರೆನ್ಸ್‌ನಲ್ಲಿದ್ದ ಮಾಕ್ಸಿ ಎಂಬ ಉಪಕರಣ ಆ ಗಾಳಿಯಿಂದಲೇ 2021ರಿಂದ 2023ರವರೆಗೆ ಹದಿನಾರು ಬಾರಿ ಆಮ್ಲಜನಕ ತಯಾರಿಸಿತು. ಸಿಕ್ಕಿದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಬೇಕು. ಅದು ಎಷ್ಟು ಗಂಟೆಗೆ ಸಾಕಾಗುತ್ತದೆಂದು ಎಂಟನೆಯ ತರಗತಿಯ ಮಕ್ಕಳು ಅಲ್ಲಿಯೇ ಲೆಕ್ಕ ಹಾಕಬಲ್ಲರು. ಉತ್ತರ ಮೂರೂವರೆ ಗಂಟೆ. ಇದನ್ನು ಸೋಲೆಂದು ಹೇಳಬಾರದು, ಬೇರೊಂದು ಗ್ರಹದಲ್ಲಿ ಉಸಿರಾಡುವ ಗಾಳಿ ತಯಾರಾದದ್ದು ಅದೇ ಮೊದಲು.

ಮುಗಿಸುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಗುರು, ಮಖಾ ಮತ್ತು ಸುತ್ತಲಿನ ಕೆಲವು ನಕ್ಷತ್ರಗಳನ್ನು ಮಾತ್ರ ಗುರುತಿಸಿರುವ ಒಂದು ಹಾಳೆಯನ್ನು ಕೊಡಿರಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಮಂಗಳ ಇರುವ ಜಾಗದಲ್ಲಿ ಚುಕ್ಕೆಯಿಟ್ಟು ದಿನಾಂಕ ಬರೆಯಲಿ. ಏಪ್ರಿಲ್ ಆರಂಭದವರೆಗೆ ಚುಕ್ಕೆಗಳು ಪಶ್ಚಿಮಕ್ಕೆ ಹಿಂಜರಿಯುತ್ತ ಹೋಗಿ, ಆಮೇಲೆ ಪೂರ್ವಕ್ಕೆ ತಿರುಗುತ್ತವೆ. ಪಂಚಾಂಗದಲ್ಲಿ ವಕ್ರಗತಿ ಎಂದು ಬರೆದಿರುವುದು ಹಾಳೆಯ ಮೇಲೆ ಹೀಗೆ ಕಾಣುತ್ತದೆ. ಮೋಡ ಕವಿದ ವಾರದ ಜಾಗದಲ್ಲಿ ಊಹಿಸಿ ಚುಕ್ಕೆಯಿಡದೆ, ‘ಮೋಡ’ ಎಂದು ಬರೆದು ಮುಂದಕ್ಕೆ ಹೋಗಲಿ.