ಮಂಗಳೂರಿನ ಸೆಖೆಯಲ್ಲಿ ಬರ್ಗಂಡಿ: ಊಟದ ಜತೆ ರುಚಿ ನೋಡುವ ಕ್ರಮ

ಫ್ರಾನ್ಸಿನ ಬರ್ಗಂಡಿ ಪ್ರದೇಶದ ಬಿಳಿ ವೈನ್ ಬಹುಮಟ್ಟಿಗೆ ಶಾರ್ಡೊನೆ ದ್ರಾಕ್ಷಿಯದು, ಕೆಂಪು ಪಿನೋ ನ್ವಾರ್‌ನದು. ಎರಡೂ ನಾಜೂಕು. ನಮ್ಮ ಕಡೆ ಇವನ್ನು ಕೆಡಿಸುವುದು ಎರಡೇ: ಸೆಖೆ ಮತ್ತು ಮೆಣಸಿನಕಾಯಿಯ ಖಾರ.

ಎಂಟು ಜನರಿಗೆ ನಾಲ್ಕು ಬಾಟಲಿ ಸಾಕು: ಬಿಳಿಯಲ್ಲಿ ಶಾಬ್ಲಿ, ಮೆರ್ಸೋ; ಕೆಂಪಿನಲ್ಲಿ ವೊಲ್ನೇ, ಜೆವ್ರೆ-ಶಾಂಬರ್ತ್ಯಾಂ. ಹಳ್ಳಿಯ ಹೆಸರಿನ ದರ್ಜೆಯವೇ ಇರಲಿ. ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಗ್ರಾಂಡ್ ಕ್ರೂವನ್ನು ಎಳೆಯದಿರುವಾಗಲೇ ತೆರೆಯುವುದು ದುಡ್ಡು ದಂಡ. 750 ಮಿಲೀ ಬಾಟಲಿಯಿಂದ ಮೊದಲು ತಲಾ 45 ಮಿಲೀ, ಉಳಿದದ್ದು ಊಟದ ಜತೆ. ಒಮ್ಮೆಲೇ ಹೆಚ್ಚು ಸುರಿದರೆ ಗ್ಲಾಸಿನಲ್ಲೇ ಬಿಸಿಯಾಗುತ್ತದೆ.

'ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿ' ಎಂಬ ಮಾತು ಚಳಿ ದೇಶದ್ದು. ಇಲ್ಲಿನ ಕೋಣೆಯಲ್ಲಿ 30 ಡಿಗ್ರಿ ಇದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಅಡಗುತ್ತದೆ. ಕೆಂಪನ್ನು 14 ಡಿಗ್ರಿಗೆ ಇಳಿಸಿ ಸುರಿಯಿರಿ, ಮೂಗಿಗೆ ತರುವಷ್ಟರಲ್ಲಿ 16 ಆಗಿರುತ್ತದೆ. ಬಕೆಟ್‌ನಲ್ಲಿ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿದರೆ ಸುಮಾರು ಕಾಲು ಗಂಟೆ ಸಾಕು. ಬರಿ ಐಸ್ ಬೇಡ, ಅದು ಬಾಟಲಿಗೆ ಸರಿಯಾಗಿ ತಾಗುವುದಿಲ್ಲ. ಬಿಳಿಗೆ 11ರಿಂದ 13 ಡಿಗ್ರಿ. ಫ್ರಿಜ್‌ನಿಂದ ಸೀದಾ ತಂದರೆ ಹುಳಿಯೊಂದೇ ನಾಲಿಗೆಗೆ ಸಿಗುವುದು. ಹಳೆಯ ಕೆಂಪು ಬಾಟಲಿಯಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳ ಸೇರಲಿ.

ಗ್ಲಾಸ್ ದುಂಡಗೆ, ಹೊಟ್ಟೆ ಅಗಲವಾಗಿರಬೇಕು. ಸೋಪು ಅಥವಾ ಕಪಾಟಿನ ನುಸಿಗುಳಿಗೆಯ ವಾಸನೆ ಉಳಿಯದಂತೆ ಬಿಸಿನೀರಲ್ಲಿ ತೊಳೆಯಿರಿ. ಊದುಬತ್ತಿ ಬೇಡ. ಶಂಕರಪುರ ಮಲ್ಲಿಗೆ ಮುಡಿದವರು ಪಕ್ಕದಲ್ಲಿದ್ದರಂತೂ ಪಿನೋ ನ್ವಾರ್ ಸೋತಿತೆಂದೇ ಲೆಕ್ಕ!

ಮೇಜಿಗೆ ಬಿಳಿ ಮುಂಡು ಹಾಸಿ, ಗ್ಲಾಸನ್ನು ಓರೆ ಮಾಡಿ ಬಣ್ಣ ನೋಡಿ. ಅಲುಗಾಡಿಸದೆ ಒಮ್ಮೆ, ತಿರುಗಿಸಿ ಮತ್ತೊಮ್ಮೆ ಮೂಸಿ. ಗುಟುಕನ್ನು ಬಾಯಿ ತುಂಬ ಆಡಿಸಿ, ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಗಮನಿಸಿ. ನೆನೆದ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ; ಕಾದರೂ ಹೋಗದು, ಬದಲಿ ಬಾಟಲಿ ತೆಗೆಯಿರಿ. ಬಿಳಿಯಲ್ಲಿ ಬೆಂಕಿಕಡ್ಡಿ ಗೀರಿದ ವಾಸನೆ ದೋಷವಲ್ಲ, ಗಾಳಿಯಾಡಿದರೆ ತಗ್ಗುತ್ತದೆ. ಆದರೆ ವಯಸ್ಸಿಗೆ ಮೀರಿ ಹೊಂಬಣ್ಣ ತಿರುಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಅದು ಆಕ್ಸಿಡೀಕರಣ, ಅಂದರೆ ಆಮ್ಲಜನಕ ತಗಲಿ ಕೆಟ್ಟದ್ದು. 1990ರ ದಶಕದ ಮಧ್ಯದಿಂದ ಬರ್ಗಂಡಿಯ ಬಿಳಿಗಳನ್ನು ಕಾಡಿದ ಪಿಡುಗು ಇದೇ.

ಶಾಬ್ಲಿಗೆ ಉಪ್ಪು, ಕಾಳುಮೆಣಸು ಮಾತ್ರ ಹಾಕಿ ಕರಿದ ಕಾಣೆ. ಸುಣ್ಣದಕಲ್ಲಿನ ನೆಲದ ಆ ಚುರುಕು ಹುಳಿ ಎಣ್ಣೆಯನ್ನು ಕತ್ತರಿಸುತ್ತದೆ. ಓಕ್ ಪೀಪಾಯಿಯಲ್ಲಿ ಮಾಗಿದ ಮೆರ್ಸೋಗೆ ತೆಂಗಿನಹಾಲಿನ ಸಿಗಡಿ, ನೀರ್‌ದೋಸೆ; ಹುಣಸೆ ಬೇಡ. ವೊಲ್ನೇಗೆ ತುಪ್ಪದಲ್ಲಿ ಹುರಿದ ಅಣಬೆ, ಜೆವ್ರೆಗೆ ಬಾತುಕೋಳಿ ರೋಸ್ಟ್. ಕೆಂಪಿನ ಜತೆ ಬಂಗುಡೆ ತಂದರೆ ಬಾಯಲ್ಲಿ ಲೋಹದ ರುಚಿ ಏಳುತ್ತದೆ, ವೈನಿನ ಕಬ್ಬಿಣದಂಶ ಮೀನಿನ ಕೊಬ್ಬಿಗೆ ತಗಲುವುದೇ ಕಾರಣ. ಘೀ ರೋಸ್ಟ್, ಕೋರಿ ರೊಟ್ಟಿ ಯಾವ ಬರ್ಗಂಡಿಗೂ ಒಗ್ಗವು: ಖಾರ ಆಲ್ಕೋಹಾಲನ್ನು ಉರಿಯಾಗಿಸಿ ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ನನ್ನು ಇನ್ನಷ್ಟು ಒಗರಾಗಿಸುತ್ತದೆ. ಅವಕ್ಕೆ ಬಿಯರೇ ಸರಿ.

ಉಳಿದದ್ದಕ್ಕೆ ಕಾರ್ಕ್ ಒತ್ತಿ ಫ್ರಿಜ್‌ಗೆ ಹಾಕಿ. ಬಿಳಿ ಎರಡು ದಿನ ತಡೆದೀತು. ಕೆಂಪನ್ನು ಮರುದಿನವೇ ಮುಗಿಸಿ.