ಅಪಾಯದ ಅಂಚಿನಲ್ಲಿರುವ ಕುಟುಂಬದಲ್ಲಿ ಪಾಲನಾ ಚಿಕಿತ್ಸೆ: ಮನೆಭೇಟಿ ಮಾಡುವವರಿಗೆ ಸೂಚನೆಗಳು

ಇಲ್ಲಿ ಪಾಲನಾ ಚಿಕಿತ್ಸೆ ಎಂದರೆ ಮಗುವಿನೊಂದಿಗೆ ನಡೆದುಕೊಳ್ಳುವ ಬಗೆಯನ್ನು ಪೋಷಕರಿಗೆ ಅಭ್ಯಾಸ ಮಾಡಿಸುವುದು. ಮಗುವಿನ ಮೇಲೆ ದೌರ್ಜನ್ಯ ನಡೆಯಬಹುದೆಂಬ ಆತಂಕವಿರುವ ಮನೆಗೆ ಮೊದಲ ಸಲ ಹೋದಾಗ ಬುದ್ಧಿವಾದದಿಂದ ಆರಂಭಿಸಬಾರದು. ಯಾವ ಮಾತು ಗೋಪ್ಯವಾಗಿ ಉಳಿಯುತ್ತದೆ ಎಂಬುದನ್ನು ತಿಳಿಸುವಾಗಲೇ, ಮಗುವಿಗೆ ಅಪಾಯ ಕಂಡುಬಂದರೆ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ವರದಿ ಮಾಡಬೇಕಾಗುತ್ತದೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಇದರಿಂದ ವಿಶ್ವಾಸ ಕೆಡುತ್ತದೆಂದು ಹಲವರು ಹಿಂಜರಿಯುತ್ತಾರೆ. ತಡವಾಗಿ ಗೊತ್ತಾದರೆ ಇನ್ನೂ ಹೆಚ್ಚು ಕೆಡುತ್ತದೆ.

ದಿನದ ಯಾವ ಹೊತ್ತು ಅತಿ ಕಷ್ಟವೆಂದು ಕೇಳಿ, ಊಟವಿರಲಿ, ಮಲಗಿಸುವುದಿರಲಿ, ಭೇಟಿಯನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಹಲವು ಸಲ ನಡೆಯುವುದು ಹೀಗೆ: ತಾಯಿ ಹೇಳಿದ್ದಕ್ಕೆ ಮಗು ಹಟ ಹಿಡಿಯುತ್ತದೆ, ತಾಯಿ ದನಿ ಏರಿಸುತ್ತಾಳೆ, ಮಗು ಇನ್ನಷ್ಟು ಕಿರುಚುತ್ತದೆ, ಕೊನೆಗೆ ಇಬ್ಬರಲ್ಲೊಬ್ಬರು ಸೋಲುತ್ತಾರೆ. ಜೋರು ಮಾಡಿದರೆ ಕೆಲಸವಾಗುತ್ತದೆ ಎಂಬ ಪಾಠವನ್ನು ಗೆದ್ದವರು ಕಲಿಯುತ್ತಾರೆ. ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ವಿವರಿಸಿದ ಈ ಸರಣಿ ಎಲ್ಲಿ ಶುರುವಾಗುತ್ತದೆಂಬುದು ಕಚೇರಿಯ ಕೋಣೆಯಲ್ಲಿ ಕೂತವರಿಗೆ ಕಾಣುವುದಿಲ್ಲ.

ಕೌಶಲವನ್ನು ವಿವರಿಸಿ ಸುಮ್ಮನಾಗದೆ ನೀವೇ ಮಾಡಿ ತೋರಿಸಿ, ಪೋಷಕರಿಂದ ಮಾಡಿಸಿ, ಅವರು ಮಾಡುತ್ತಿರುವಾಗಲೇ ಸರಿಯಾದುದನ್ನು ಗುರುತಿಸಿ ಹೇಳಿ. ಮನೋವಿಜ್ಞಾನಿ ಮೇರಿ ಡೋಜಿಯರ್ ರೂಪಿಸಿದ ಹತ್ತು ಭೇಟಿಗಳ ಕಾರ್ಯಕ್ರಮದ ಜೀವಾಳವೇ ಇಂಥ ತಕ್ಷಣದ ಮಾತು. “ಚೆನ್ನಾಗಿ ಮಾಡಿದಿರಿ” ಎಂಬ ಹೊಗಳಿಕೆ ಸಾಲದು. “ಅವನು ಅತ್ತ ಕೂಡಲೇ ನೀವು ಎತ್ತಿಕೊಂಡಿರಿ, ಅವನು ಶಾಂತನಾದ” ಎಂದರೆ ಯಾವುದು ಫಲ ಕೊಟ್ಟಿತೆಂದು ಅವರಿಗೆ ತಿಳಿಯುತ್ತದೆ. ದಿನಕ್ಕೆ ಐದು ನಿಮಿಷ, ಅಪ್ಪಣೆ, ಪ್ರಶ್ನೆ, ಟೀಕೆ ಯಾವುದೂ ಇಲ್ಲದೆ, ಮಗು ಆರಿಸಿದ ಆಟವನ್ನು ಅದು ಹೇಳಿದಂತೆ ಆಡುವ ಅಭ್ಯಾಸ ಕೊಡಿ. ಮಗು ತಪ್ಪು ಮಾಡಿದ ದಿನವೂ ಇದನ್ನು ತಪ್ಪಿಸಬಾರದು, ಏಕೆಂದರೆ ಇದು ಬಹುಮಾನವಲ್ಲ.

ಹಸುಗೂಸಿದ್ದರೆ ಅಳುವಿನ ಬಗ್ಗೆ ಮುಂಚಿತವಾಗಿಯೇ ಮಾತಾಡಿ. ಮೊದಲ ವಾರಗಳಲ್ಲಿ ಹೆಚ್ಚುತ್ತ ಹೋಗುವ ಅಳು ಎರಡನೇ ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ತುದಿ ಮುಟ್ಟಿ ಬಳಿಕ ಇಳಿಯುತ್ತದೆ. ಸಹನೆ ಮೀರಿದರೆ ಕೂಸನ್ನು ಸುರಕ್ಷಿತ ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಕೆಲವು ನಿಮಿಷ ಕೋಣೆಯಿಂದ ಹೊರಗಿರುವುದರಲ್ಲಿ ತಪ್ಪಿಲ್ಲವೆಂದೂ, ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿಗೆ ಮಾರಕ ಪೆಟ್ಟಾಗಬಹುದೆಂದೂ ಮನೆಯ ಎಲ್ಲರಿಗೂ ತಿಳಿಸಿ, ಸಹನೆ ಮೀರಿದಾಗ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಬರೆದಿಡಿಸಿ. ಔಷಧಿ, ಸ್ವಚ್ಛತಾ ದ್ರಾವಣಗಳು ಮಗುವಿನ ಕೈಗೆಟುಕುತ್ತವೆಯೇ ಎಂಬುದನ್ನು ಪೋಷಕರೊಂದಿಗೇ ಪರೀಕ್ಷಿಸಿ.

ದಂಪತಿಗಳ ನಡುವೆ ಹಿಂಸೆ, ವ್ಯಸನ, ತೀವ್ರ ಖಿನ್ನತೆ ಇದ್ದಲ್ಲಿ ಪಾಲನೆಯ ಪಾಠವೊಂದೇ ಸಾಲದು. ಅವುಗಳಿಗೆ ಬೇಕಾದ ಚಿಕಿತ್ಸೆಯೂ ಜೊತೆಜೊತೆಗೇ ನಡೆಯಬೇಕು. ಹೊಸ ಗಾಯ ಕಂಡರೆ ಅಥವಾ ಮಗು ಮನೆಯಲ್ಲಿರಲು ಹೆದರುತ್ತಿದ್ದರೆ ಅಂದಿನ ಅಭ್ಯಾಸವನ್ನು ನಿಲ್ಲಿಸಿ, ಅದೇ ದಿನ ವರದಿ ಮಾಡಿ.